ನೀಲಪ್ಪ ಮುಟ್ಟದ ಭಂಡಾರ

ನಮ್ಮೂರಿನ ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದೆ ಇರುವ ದೇವರ ಹೆಸರುಗಳನ್ನೆಲ್ಲ ಬರೆದವನು ದೇವರನ್ನು ನಂಬದವನು. ಅವನ ಹೆಸರು ನೀಲಪ್ಪ. ‘ಯಲ್ಲಮ್ಮ ತಾಯಿ ಪ್ರಸನ್ನ’, ‘ಸಿರಸಂಗಿ ಕಾಳಮ್ಮನ ಆಶೀರ್ವಾದ’, ಯಾವ ಮನೆಗೆ ಯಾವ ದೇವರೋ ಆ ದೇವರನ್ನು ಕೇಸರಿ, ಹಳದಿ, ಹಸಿರು ಬಣ್ಣದಲ್ಲಿ, ಅಕ್ಷರದ ಕೆಳಗೊಂದು ನೆರಳು ಕೊಟ್ಟು ಬರೆಯುತ್ತಿದ್ದ. ಯಾರಾದರೂ ಚೇಷ್ಟೆ ಮಾಡಿದರೆ, “ದೇವರ ಹೆಸರ ಬರಿಯೂದು ನನ್ನ ಉದ್ಯೋಗ, ನಂಬೂದು ನಿಮ್ಮ ಉದ್ಯೋಗ. ನನ್ನ ಕೆಲಸದಾಗ ತಪ್ಪಿದ್ರ ಹೇಳ್ರಿ,” ಎನ್ನುತ್ತಿದ್ದ. ತಪ್ಪು ಇರುತ್ತಿರಲಿಲ್ಲ.

ನಮ್ಮೂರು ಉಗರಗೋಳ ದಾಟಿ ರಾಮದುರ್ಗದ ಕಡೆ ಹೋಗುವ ದಾರಿಯಲ್ಲಿದೆ. ನನ್ನದು ಹಿಟ್ಟಿನ ಗಿರಣಿ. ಊರಿನ ಜೋಳವೆಲ್ಲ ನನ್ನಲ್ಲಿಗೆ ಬರುತ್ತದೆ, ಜೊತೆಗೆ ಊರಿನ ಮಾತೂ ಬರುತ್ತದೆ. ನೀಲಪ್ಪನ ಕಥೆಯಲ್ಲಿ ನಾನು ಕಂಡದ್ದು ಅರ್ಧ, ಗಿರಣಿಯಲ್ಲಿ ಕೇಳಿದ್ದು ಅರ್ಧ. ಕೇಳಿದ್ದರಲ್ಲಿ ಹೊಟ್ಟು ತೂರಿ ಕಾಳಷ್ಟೇ ಹೇಳುತ್ತೇನೆ.

ನೀಲಪ್ಪನ ಅಪ್ಪ ಹಲಗೆ ಬಾರಿಸುತ್ತಿದ್ದ. ಮಗನ ಕೊರಳಿಗೂ ಎಳೆಯ ವಯಸ್ಸಿನಲ್ಲೇ ಹಲಗೆ ಬಿದ್ದಿತ್ತು. ಮೀಸೆ ಮೂಡುವ ಹೊತ್ತಿಗೆ ಅವನು ಅದನ್ನು ಗೂಟಕ್ಕೆ ತೂಗುಹಾಕಿ ಕೊಲ್ಹಾಪುರದ ಕಡೆ ಹೋದ. ಅಲ್ಲೊಬ್ಬ ಪೇಂಟರನ ಕೈಕೆಳಗೆ ಬ್ರಶ್ ತೊಳೆಯುತ್ತ ಅಕ್ಷರ ಬರೆಯುವುದನ್ನು ಕಲಿತ. ವಾಪಸು ಬಂದಾಗ ಚೀಲದಲ್ಲಿ ಬಣ್ಣದ ಡಬ್ಬಿಗಳಿದ್ದವು, ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೋ ಇದ್ದವು. ಊರ ಹಿರಿಯರು ಹಬ್ಬಕ್ಕೆ ಹಲಗೆ ಬಾರಿಸು ಎಂದು ಹೇಳಿ ಕಳಿಸಿದರೆ, “ಬೋರ್ಡ್ ಬರಿಯೂದಿದ್ರ ಕರೀರಿ,” ಎಂದು ಹೇಳಿ ಕಳಿಸಿದ. ಅದನ್ನು ಕೆಲವರು ಮರೆತರು, ಕೆಲವರು ಮರೆಯಲಿಲ್ಲ.

ಅವನ ಹೆಂಡತಿ ಕಾಡವ್ವ ಮಾತ್ರ ಯಲ್ಲಮ್ಮನನ್ನು ಬಿಟ್ಟವಳಲ್ಲ. ಸೆರಗಿನ ತುದಿಯಲ್ಲಿ ಯಾವಾಗಲೂ ಚಿಟಿಕೆ ಭಂಡಾರ ಕಟ್ಟಿಕೊಂಡಿರುತ್ತಿದ್ದಳು. ಭಂಡಾರ ಎಂದರೆ ಅರಿಶಿನ ಪುಡಿಯೇ, ಆದರೆ ಸವದತ್ತಿ ಗುಡ್ಡದ ತಾಯಿಯ ಮುಂದೆ ಇಟ್ಟೆತ್ತಿದ ಮೇಲೆ ಅದರ ತೂಕವೇ ಬೇರೆ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ನಮ್ಮ ಕಡೆ ಭಂಡಾರ ಮುಟ್ಟಿ ಸುಳ್ಳು ಹೇಳಲಾರ. ನೀಲಪ್ಪ ಹೆಂಡತಿಯ ಸೆರಗಿನ ಗಂಟನ್ನು ಕಂಡೂ ಕಾಣದಂತಿರುತ್ತಿದ್ದ. ಒಬ್ಬಳೇ ಮಗಳಿಗೆ ಪ್ರಜ್ಞಾ ಎಂದು ಹೆಸರಿಟ್ಟವನು ಅವನು. ಅವಳಿಗೆ ಜ್ವರ ಬಂದಾಗ ಹಣೆಗೆ ಭಂಡಾರ ಹಚ್ಚುತ್ತಿದ್ದವಳು ಇವಳು. ಸಂಸಾರ ಸರಾಗವಾಗಿ ನಡೆದಿತ್ತು.

ಆಮೇಲೆ ಸವದತ್ತಿಗೆ ಫ್ಲೆಕ್ಸ್ ಮಷೀನು ಬಂತು. ಮದುವೆಯಿಂದ ಹಿಡಿದು ತಿಥಿಯವರೆಗೆ ಎಲ್ಲದಕ್ಕೂ ಮುಖದ ಫೋಟೋ ಹಾಕಿದ ಬೋರ್ಡು. ಬ್ರಶ್ಶಿನ ಅಕ್ಷರ ಯಾರಿಗೂ ಬೇಡವಾಯಿತು. ನೀಲಪ್ಪ ದಿನವಿಡೀ ನನ್ನ ಗಿರಣಿಯ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದತೊಡಗಿದ. ಕಾಡವ್ವನ ನಾಲ್ಕಾರು ಆಡುಗಳೇ ಮನೆ ನಡೆಸುತ್ತಿದ್ದವು, ಆಡುಗಳನ್ನು ಜೋಗಿಕಲ್ಲ ಗುಡ್ಡ ನಡೆಸುತ್ತಿತ್ತು.

ಜೋಗಿಕಲ್ಲ ಗುಡ್ಡ ಊರಿನ ಸಾರ್ವಜನಿಕ ಗುಡ್ಡ. ಸಾರ್ವಜನಿಕ ಎಂದರೆ ಎಲ್ಲರೂ ಮೇಯಿಸಬಹುದು, ಯಾರೂ ಕಾಯಬೇಕಿಲ್ಲ. ಮೇಯ್ದು ಮೇಯ್ದು ಅದು ಬೋಳಾಗಿ, ಮಳೆ ಬಂದಾಗಲೆಲ್ಲ ಕೆಂಪು ಮಣ್ಣು ಹಳ್ಳಕ್ಕೆ ಇಳಿಯುತ್ತಿತ್ತು. ನೀರು ಬಂದಷ್ಟೇ ಬೇಗ ಓಡಿಹೋಗಿ ಕೆಳಗಿನ ಬಾವಿಗಳು ಬೇಸಿಗೆಗೆ ಮುಂಚೆಯೇ ತಳ ಕಾಣುತ್ತಿದ್ದವು. ಒಮ್ಮೆ ಸರ್ಕಾರದವರು ಸುತ್ತ ತಂತಿ ಬೇಲಿ ಹಾಕಿಸಿದ್ದರು. ವರ್ಷ ತುಂಬುವುದರೊಳಗೆ ತಂತಿಯ ಮೇಲೆ ಊರಿನ ಬಟ್ಟೆ ಒಣಗುತ್ತಿದ್ದವು, ಕಂಬಗಳು ದನದ ಕೊಟ್ಟಿಗೆಗಳಲ್ಲಿ ನಿಂತಿದ್ದವು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ನಮ್ಮೂರಲ್ಲಿ ಊರೇ ಎದ್ದು ಬೇಲಿ ಮೇಯ್ದಿತ್ತು.

ಹೋದ ವರ್ಷದ ಹಿಂದಿನ ವರ್ಷ ಧಾರವಾಡದ ಸಂಸ್ಥೆಯೊಂದರಿಂದ ಅನ್ನಪೂರ್ಣಾ ಎಂಬ ಹುಡುಗಿ ಬಂದಳು. ನೆಲ ಜಲ ಉಳಿಸುವ ಹೊಸ ಪ್ರಯೋಗಗಳಿಗೆ ಅವರಿಗೆ ಎಲ್ಲಿಂದಲೋ ಅನುದಾನ ಸಿಗುವುದಿತ್ತು. ಒಳ್ಳೆಯ ಹುಡುಗಿ, ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು ಬಂದು ನನ್ನ ಗಿರಣಿಯ ಮುಂದೆ ಊರವರನ್ನು ಕೂಡಿಸಿದಳು. ನೀಲಪ್ಪ ಆಗ ಅವಳ ಯೋಜನೆಯ ಬೋರ್ಡನ್ನೇ ನನ್ನ ಗೋಡೆಗೆ ಆನಿಸಿ ಬರೆಯುತ್ತಿದ್ದ. ಎಷ್ಟೋ ದಿನಗಳ ಮೇಲೆ ಸಿಕ್ಕ ಕೆಲಸ ಅದು.

“ಅನುದಾನ ಹೊಸಾ ಪ್ರಯೋಗಕ್ಕಷ್ಟ ಕೊಡ್ತಾರ್ರಿ. ತಂತಿ ಬೇಲಿ ಅಂದ್ರ ಒಪ್ಪಂಗಿಲ್ಲ,” ಎಂದಳು ಅನ್ನಪೂರ್ಣಾ. “ಯಾರೂ ಕದಿಯಲಾರದಂಥಾ ಬೇಲಿ ಯಾವ್ದರ ಐತೇನ್ರಿ ನಿಮ್ಮ ಕಡೆ?”

ನೀಲಪ್ಪ ತಿರುಗದೆ, ಬ್ರಶ್ ಎತ್ತದೆ ಹೇಳಿದ: “ಯಲ್ಲಮ್ಮನ ಭಂಡಾರ ಒಂದ ನೋಡ್ರಿ. ಈ ಊರಾಗ ಅದನ್ನೊಂದ ಯಾರೂ ಕದ್ದಿಲ್ಲ.”

ಎಲ್ಲರೂ ನಕ್ಕರು. ಅನ್ನಪೂರ್ಣಾ ನಗಲಿಲ್ಲ. ಯೋಚಿಸುತ್ತ ನಿಂತಳು. ಅವನು ತಮಾಷೆಗೆ ಅಂದದ್ದು ಅವಳಿಗೆ ಹೊಸ ಪ್ರಯೋಗವಾಗಿ ಕಂಡಿತು. ಅನುದಾನ ಕೊಡುವವರಿಗೂ ಹಾಗೇ ಕಂಡಿತು.

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಓಡುವ ನೀರು ನಿಂತು ಇಂಗಲೆಂದು ಸಾಲು ಸಾಲು ಕಂದಕ ತೋಡಿಸಿದರು. ಗುಡ್ಡದ ಸುತ್ತ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟರು, ರಸ್ತೆಯ ಕಡೆ ನೀಲಪ್ಪ ಬರೆದ ಬೋರ್ಡು ನಿಲ್ಲಿಸಿದರು. ಕಾರ ಹುಣ್ಣಿಮೆಯ ದಿನ ಪೂಜಾರಿ ಅಂದಾನೆಪ್ಪ ಯಲ್ಲಮ್ಮನ ಗುಡ್ಡದಿಂದ ಭಂಡಾರ ತಂದು ಪ್ರತಿ ಕಲ್ಲಿನ ತಲೆಗೂ ಹಚ್ಚಿದ. ತಟ್ಟೆಯನ್ನು ನಡುವೆ ಇಟ್ಟು ಮನೆಗೊಬ್ಬರಂತೆ ಗಂಡಸರು, ಆಮೇಲೆ ಹೆಂಗಸರು ಮುಟ್ಟಿ ಆಣೆ ಮಾಡಬೇಕಿತ್ತು. ಅನ್ನಪೂರ್ಣಾ ಬರೆದುಕೊಂಡು ಬಂದ ಮಾತು ಸರಳವಾಗಿತ್ತು: ಮುಂದಿನ ಚೈತ್ರದ ದವನದ ಹುಣ್ಣಿಮೆಯವರೆಗೆ ಗುಡ್ಡಕ್ಕೆ ದನ, ಕುರಿ, ಆಡು ಬಿಡುವುದಿಲ್ಲ.

ಯೋಜನೆಗೆಂದು ಊರವರು ಮಾಡಿಕೊಂಡ ಸಮಿತಿಯ ಅಧ್ಯಕ್ಷ ನಿಜಗುಣಪ್ಪನಿಗೆ ಅದು ಸಾಲದೆನಿಸಿತು. ಗುಡ್ಡದ ಬುಡದ ಕಬ್ಬಿನ ಹೊಲ, ಬಾವಿ ಅವನವು. ನೀರು ನಿಂತರೆ ಮೊದಲು ತುಂಬುವುದು ಆ ಬಾವಿಯೇ. “ದನಾ ಬಿಡಂಗಿಲ್ಲ ಅಂತಾರ, ಕುಡಗೋಲ ತಗೊಂಡ ಹೋಗಿ ಹುಲ್ಲ ಕೊಯ್ಕೊಂಡ ಬರ್ತಾರ. ನಮ್ಮ ಮಂದಿ ನನಗ ಗೊತ್ತಿಲ್ಲೇನು?” ಎಂದು ಆಣೆಯನ್ನು ತಾನೇ ಹೇಳಿಕೊಟ್ಟ: “ದನದ ಕಾಲೂ ಇಡಸಂಗಿಲ್ಲ, ನನ್ನ ಕಾಲೂ ಇಡಂಗಿಲ್ಲ. ಇಟ್ಟರ ನನ್ನ ಮನಿ ದೀಪ ಆರಲಿ.”

ಮನೆಯ ದೀಪ ಎಂದರೆ ಮಕ್ಕಳು. ಅನ್ನಪೂರ್ಣಾಳ ಮುಖ ಸಣ್ಣದಾಯಿತು. “ಅಷ್ಟು ಬೇಕೇನ್ರಿ?” ಎಂದಳು.

“ಅಷ್ಟ ಇಲ್ಲಂದ್ರ ನಿಮ್ಮ ಯೋಜನಾ ನಡಿಯಂಗಿಲ್ರಿ.”

ಎಲ್ಲರೂ ಮುಟ್ಟಿದರು. ನಾನೂ ಮುಟ್ಟಿದೆ. ಹೆಂಗಸರ ಸರದಿಯಲ್ಲಿ ಕಾಡವ್ವ ಗಂಡನ ಮುಖ ನೋಡದೆ ಮುಟ್ಟಿ ಬಂದಳು. ನೀಲಪ್ಪನ ಮುಂದೆ ತಟ್ಟೆ ಬಂದಾಗ ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ.

“ನಾ ಮುಟ್ಟಂಗಿಲ್ರಿ. ನಮ್ಮ ಮನಿ ಆಡು ಈ ಕಲ್ಲ ದಾಟಂಗಿಲ್ಲ, ಮಾತ ಕೊಟ್ಟೇನಿ. ಅಷ್ಟ.”

ಗುಜುಗುಜು ಎದ್ದಿತು. ನಿಜಗುಣಪ್ಪ ಸಿಟ್ಟಾಗುವ ಬದಲು ನಕ್ಕ. ಗುಡ್ಡ ಕಾಯಲು ಒಬ್ಬ ಬೇಕೇಬೇಕಿತ್ತು, ಕಾಯುವವನು ಕಲ್ಲು ದಾಟಿ ಒಳಗೆ ತಿರುಗಬೇಕಿತ್ತು. ಆಣೆ ಮಾಡಿದ ಊರಿನಲ್ಲಿ ಹಾಗೆ ತಿರುಗಬಲ್ಲವನು ಈಗ ಒಬ್ಬನೇ. ಅನುದಾನದಲ್ಲಿ ಕಾವಲುಗಾರನ ಪಗಾರವೂ ಇತ್ತು. ಹೀಗೆ ನೀಲಪ್ಪನಿಗೆ ಕೆಲಸ ಸಿಕ್ಕಿತು. ಊರ ಕಾವಲು ಅವನ ಅಜ್ಜನ ಕಾಲದಿಂದ ಅವರ ಕೇರಿಯವರ ಮೇಲೆ ಹೊರಿಸಿದ್ದ ಕೆಲಸವೇ. ಅವನು ನನ್ನ ಹತ್ತಿರ ಬಂದು, “ಹಲಗಿ ಬಿಟ್ಟೆ, ಕಾವಲ ಬಡಿಗಿ ಕೈಗೆ ಬಂತು ನೋಡೋ,” ಎಂದು ನಕ್ಕ. ನಗುವಿನಲ್ಲಿ ನಗುವಿರಲಿಲ್ಲ. ಆದರೆ ಮಗಳು ಬೈಲಹೊಂಗಲದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಕೆಲಸ ಬೇಕಿತ್ತು.

ಭಂಡಾರದ ಬೇಲಿ ನಿಂತಿತು. ಅದನ್ನು ಸುಳ್ಳು ಅನ್ನಲಾರೆ. ಒಂದೇ ಮಳೆಗಾಲದಲ್ಲಿ ಗುಡ್ಡ ಹಸಿರಾಯಿತು. ನಾನು ಹುಟ್ಟಿದಾಗಿನಿಂದ ಕಾಣದಿದ್ದ ಹುಲ್ಲು ಸೊಂಟದೆತ್ತರ ಬೆಳೆಯಿತು. ಕಂದಕಗಳಲ್ಲಿ ನೀರು ನಿಂತು ಇಂಗಿತು. ಹಳ್ಳದ ನೀರು ಮೊದಲ ಸಲ ತಿಳಿಯಾಗಿ ಹರಿಯಿತು. ಬಾವಿಗಳು ತುಂಬಿದವು, ನಿಜಗುಣಪ್ಪನ ಬಾವಿ ಎಲ್ಲಕ್ಕಿಂತ ಮೊದಲು ತುಂಬಿತು. ನೀಲಪ್ಪನಿಗೂ ಗುಡ್ಡದ ಮೇಲೆ ಮೋಹ ಬಂತು. ಸಂಜೆ ಇಳಿದು ಬಂದು, ಎಲ್ಲಿ ಕವುಜುಗ ಮೊಟ್ಟೆ ಇಟ್ಟಿದೆ, ಎಲ್ಲಿ ಮೊಲ ಕಂಡಿತು ಎಂದು ಗಿರಣಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ.

ದೀಪಾವಳಿ ಕಳೆದ ಮೇಲೆ ಹುಲ್ಲು ಒಣಗಿ ಹಳದಿಯಾಯಿತು. ಆಗ ಅವನು ಸಮಿತಿಯವರ ಬೆನ್ನು ಹತ್ತಿದ. “ಹುಲ್ಲ ಕೊಯ್ದು ಹಂಚಿಬಿಡ್ರಿ. ಬಿಸಲ ಏರಿದ ಮ್ಯಾಲೆ ಒಂದ ಕಿಡಿ ಸಾಕು,” ಎಂದ. ಅದಕ್ಕೆ ಎರಡು ಅಡ್ಡಿ ಬಂದವು. ಒಂದು, ದವನದ ಹುಣ್ಣಿಮೆ ಇನ್ನೂ ದೂರವಿತ್ತು. ಅದಕ್ಕೆ ಮುಂಚೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಎರಡು, ಅನುದಾನ ಕೊಟ್ಟವರು ನೋಡಲು ಬರುವವರಿದ್ದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತ ಅವರು ಬರುವುದು ಮುಂದೆ ಹೋಗುತ್ತಲೇ ಇತ್ತು. “ಅವರ ಬಂದಾಗ ಹುಲ್ಲ ನಿಂತಿರಬೇಕ್ರಿ,” ಎಂದು ಅನ್ನಪೂರ್ಣಾ ಬೇಡಿಕೊಂಡಳು. ನೀಲಪ್ಪ ಒಬ್ಬನೇ ಕುಡುಗೋಲು ಹಿಡಿದು, ಬೆಂಕಿ ದಾಟದಂತೆ ಅಂಚಿನ ಹುಲ್ಲನ್ನು ಒಂದು ಪಟ್ಟಿಯಷ್ಟು ಕೊಯ್ಯುತ್ತ ಹೋದ. ಇಡೀ ಗುಡ್ಡಕ್ಕೆ ಒಬ್ಬನ ಕೈ ಎಷ್ಟು ಸಾಕು? ಶಿವರಾತ್ರಿ ಕಳೆದರೂ ನಿಜಗುಣಪ್ಪನ ಹೊಲದ ಕಡೆಯ ಅಂಚು ಹಾಗೇ ಉಳಿದಿತ್ತು.

ಬೆಂಕಿ ಬಂದದ್ದು ಆ ಕಡೆಯಿಂದಲೇ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಯಾರೋ ಕಡ್ಡಿ ಗೀರಿದ್ದರು. ಆಳು ಗೀರಿದನೋ, ಧಣಿ ಗೀರು ಎಂದನೋ, ಅದನ್ನು ಮಾತ್ರ ಇವತ್ತಿನವರೆಗೆ ಯಾರೂ ಭಂಡಾರ ಮುಟ್ಟಿ ಹೇಳಿಲ್ಲ.

ಆ ದಿನ ನಾನು ಗಿರಣಿಯ ಚಕ್ರಕ್ಕೆ ಹಾಕುವ ಪಟ್ಟಾ ತರಲು ಬೈಲಹೊಂಗಲಕ್ಕೆ ಹೋಗಿದ್ದೆ. ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನು ಕೇಳಬೇಡಿ. ಮುಂದಿನದನ್ನು ಹಲವರು ಹೇಳಿದ್ದಾರೆ, ಮಾತೆಲ್ಲ ಒಂದಕ್ಕೊಂದು ಕೂಡುತ್ತದೆ. ಯಾರು ಎಲ್ಲಿ ನಿಂತಿದ್ದರು ಎಂಬುದು ಮಾತ್ರ ಕೂಡುವುದಿಲ್ಲ. ಎಲ್ಲರೂ ತಾವು ಹಿಂದೆ ನಿಂತಿದ್ದೆವು ಎನ್ನುತ್ತಾರೆ.

ಮಧ್ಯಾಹ್ನದ ಗಾಳಿಗೆ ರವದಿಯ ಬೆಂಕಿ ಗುಡ್ಡಕ್ಕೆ ಹಾರಿತು. ಊರಿಗೆ ಊರೇ ಕೊಡಪಾನ, ಬಕೆಟ್ಟು ಹಿಡಿದು ಓಡಿಬಂತು. ಬಂದವರೆಲ್ಲ ಸುಣ್ಣದ ಕಲ್ಲುಗಳ ಹತ್ತಿರ ಗಕ್ಕನೆ ನಿಂತರು. ಮೊದಲು ಬಂದವನು ನಿಂತ, ಅವನನ್ನು ನೋಡಿ ಎರಡನೆಯವನು ನಿಂತ. ಬೆಂಕಿ ಆಗಿನ್ನೂ ಸಣ್ಣದು. ಹತ್ತು ಜನ ಸೊಪ್ಪು ಹಿಡಿದು ಬಡಿದಿದ್ದರೆ ಆರುತ್ತಿತ್ತು.

“ನೀಲಪ್ಪ ಹೋಗ್ಲಿ, ಅಂವಗ ಆಣಿ ಇಲ್ಲ,” ಎಂದು ಯಾರೋ ಅಂದರು.

ನೀಲಪ್ಪ ಆಗಲೇ ಹೋಗಿದ್ದ. ಲಕ್ಕಿ ಗಿಡದ ಹಸಿ ಟೊಂಗೆ ಹಿಡಿದು ಒಬ್ಬನೇ ಬಡಿಯುತ್ತಿದ್ದ. ಊರು ಹೊರಗೆ ನಿಂತು, “ಎಡಕ್ಕ ಬಡಿ”, “ಆ ಕಡೆ ಏಳಾಕತ್ತೈತಿ ನೋಡು” ಎಂದು ಬುದ್ಧಿ ಹೇಳುತ್ತಿತ್ತು. ಅವನು ಎಡಕ್ಕೂ ಬಡಿದ, ಬಲಕ್ಕೂ ಬಡಿದ. ಗಾಳಿ ತಿರುಗಿತು. ಹಿಂದಕ್ಕೆ ಓಡುವಾಗ ಹುಲ್ಲು ಮುಚ್ಚಿದ್ದ ಕಂದಕ ಅವನಿಗೆ ಕಾಣಲಿಲ್ಲ. ಬಿದ್ದ. ಏಳಲಿಲ್ಲ.

“ಕಾಲ ಮುರೀತ್ರೋ, ಎಳಕೊಳ್ಳಾಕ ಬರ್ರಿ,” ಎಂದು ಕೂಗಿದ. ಕಲ್ಲಿನಿಂದ ಅವನು ಬಿದ್ದ ಜಾಗ ನನ್ನ ಗಿರಣಿಗೂ ಬಸ್ ಸ್ಟ್ಯಾಂಡಿಗೂ ಇರುವಷ್ಟು ದೂರ, ನೂರು ಹೆಜ್ಜೆ, ಅದಕ್ಕಿಂತ ಹೆಚ್ಚಿಲ್ಲ. ಬೆಂಕಿ ಅವನಿಂದ ಇನ್ನೂ ಅಷ್ಟೇ ದೂರವಿತ್ತು.

ಆಗ ನಮ್ಮ ಊರು ಏನು ಮಾಡಿತೆಂದರೆ, ಪೂಜಾರಿಗೆ ಫೋನ್ ಮಾಡಿತು. ಆಣೆ ಬಿಡಿಸಿದರೆ ಒಳಗೆ ಹೋಗಬಹುದಲ್ಲ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಮಾತು ಕೇಳಿ ನಕ್ಕಿದ್ದೇವೆ. ಅವರು ತೋಡಿದ್ದಾದರೂ ನೀರಿಗೆ. ಅಂದಾನೆಪ್ಪ ಉಗರಗೋಳದಲ್ಲಿದ್ದ. ಮೊದಲು ಫೋನ್ ಹತ್ತಲಿಲ್ಲ, ಆಮೇಲೆ ಹತ್ತಿತು. “ಆಣಿ ಫೋನಿನ್ಯಾಗ ಇಳಿಯಂಗಿಲ್ಲ. ಕಾಯಿ, ಲಿಂಬಿಹಣ್ಣ ತಗೊಂಡ ನಿಂದರ್ರಿ, ಗಾಡಿ ಹತ್ತೇನಿ,” ಎಂದನಂತೆ. ತೆಂಗಿನಕಾಯಿ ತರಲು ಒಬ್ಬ ಅಂಗಡಿಗೆ ಓಡಿದ. ಸವದತ್ತಿಯ ಅಗ್ನಿಶಾಮಕದವರಿಗೂ ಒಬ್ಬರು ಫೋನ್ ಮಾಡಿದರು, ಆದರೆ ಪೂಜಾರಿಗೆ ಮಾಡಿದ ಮೇಲೆ.

ಕಾಡವ್ವ ಆಡುಗಳನ್ನು ಹಳ್ಳದ ದಂಡೆಯಲ್ಲಿ ಬಿಟ್ಟು ಬಂದಳು. ಕಲ್ಲಿನ ಹತ್ತಿರ ಅವಳೂ ನಿಂತಳು. ಅದನ್ನು ಅವಳೇ ನನಗೆ ಹೇಳಿದ್ದಾಳೆ. ಒಳಗೆ ಗಂಡ ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಬೈಲಹೊಂಗಲದಲ್ಲಿ ಮಗಳು ಆ ಹೊತ್ತಿಗೆ ಕ್ಲಾಸಿನಲ್ಲಿದ್ದಳು. ಮನೆಯ ದೀಪ ಆರಲಿ ಎಂದು ತನ್ನ ಬಾಯಿಂದಲೇ ಅಂದಿದ್ದಳು, ತನ್ನ ಕೈಯಿಂದಲೇ ಮುಟ್ಟಿದ್ದಳು. ಅವಳ ಪಾಲಿಗೆ ಅದು ಬರಿಯ ಮಾತಲ್ಲ. ಕಾಲು ಎತ್ತಿದರೆ ಮಗಳನ್ನು ಕೊಂದಂತೆ, ಎತ್ತದಿದ್ದರೆ ಗಂಡನನ್ನು. “ಯಾರರ ಒಬ್ಬರು ಹೊಕ್ಕಾರು ಅಂತ ಎಲ್ಲಾರ ಮಾರಿ ನೋಡಿದ್ನಿ,” ಎಂದಳು. “ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು.”

ಸೆರಗಿನ ಗಂಟು ಬಿಚ್ಚಿ ಭಂಡಾರವನ್ನು ಕಲ್ಲಿನ ಮೇಲೆ ಸುರಿದು, ಅವಳು ದಾಟಿದಳು.

ಅವಳು ಮುಟ್ಟುವ ಹೊತ್ತಿಗೆ ಬೆಂಕಿಯೂ ಮುಟ್ಟಿತ್ತು. ಕಂದಕದಿಂದ ಎಳೆದು, ಮೈಗೆ ಹತ್ತಿದ್ದನ್ನು ಬರಿಗೈಯಿಂದ ಬಡಿದು, ಸುಟ್ಟ ನೆಲದ ಮೇಲೆ ಅವನನ್ನು ದರದರನೆ ಎಳೆದು ತಂದಳು. ಅಂದಾನೆಪ್ಪ ಬಂದು ಕಾಯಿ ಒಡೆದು ಆಣೆ ಬಿಡಿಸಿದಾಗ ಅವಳು ಕಲ್ಲುಗಳ ಹತ್ತಿರ ಬಂದಿದ್ದಳು. ಆಗ ಊರೆಲ್ಲ ಹೋ ಎಂದು ಒಳಗೆ ನುಗ್ಗಿತು. ಎಲ್ಲರೂ ಬಹಳ ದುಡಿದರು, ಸಂಜೆಯೊಳಗೆ ಬೆಂಕಿ ಆರಿತು. ಗುಡ್ಡದಲ್ಲಿ ಆರಿಸಲು ಉಳಿದದ್ದೂ ಅಷ್ಟಕ್ಕಷ್ಟೇ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೀಲಪ್ಪ ಕೆಲವು ದಿನ ಬದುಕಿದ್ದ. ನಾನು ಹೋದಾಗ ಮುಖ ಬಿಟ್ಟು ಎಲ್ಲ ಸುತ್ತಿದ್ದರು. “ಬೋರ್ಡ್ ಸುಟ್ಟೈತೇನೋ?” ಎಂದು ಕೇಳಿದ. ಇಲ್ಲ, ಅದು ರಸ್ತೆಯ ಕಡೆ ಇದೆ, ಹಾಗೇ ಇದೆ ಎಂದೆ. “ಬಣ್ಣ ಚಲೋದಿತ್ತು,” ಎಂದ. ಬಾಗಿಲ ಹೊರಗೆ ಪ್ರಜ್ಞಾ ನಿಂತಿದ್ದಳು. ಅವಳು ಕಲಿತ ವಿದ್ಯೆಯಿಂದ ಅವಳಿಗೆ ಗೊತ್ತಾಗಿದ್ದು ಒಂದೇ, ಅಪ್ಪ ಉಳಿಯುವುದಿಲ್ಲ ಎಂಬುದು. ಅನ್ನಪೂರ್ಣಾ ಬಂದು ಬೆಂಚಿನ ಮೇಲೆ ಕುಳಿತು ಅತ್ತಳು. ಆ ಅಳು ನಿಜವಾದದ್ದು, ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಆದರೆ ಅವಳ ಮೇಲಿನವರು ಅಳುವವರಲ್ಲ. ಬೆಂಕಿಗೆ ಮುಂಚಿನ ಫೋಟೋಗಳು ಬಹಳ ಚೆನ್ನಾಗಿದ್ದವು. ಬೆಂಕಿ ಆಕಸ್ಮಿಕವಾಯಿತು, ಜನರ ನಂಬಿಕೆ ಮಾತ್ರ ಅಲುಗಲಿಲ್ಲ, ಇಂಥ ಬೇಲಿ ಬೇರೆ ಊರುಗಳಿಗೂ ಬೇಕು ಎಂದು ವರದಿ ಹೋಯಿತು, ಇನ್ನೊಂದು ವರ್ಷದ ಅನುದಾನ ಬಂತು. ನಂಬಿಕೆ ಅಲುಗಲಿಲ್ಲ ಎಂಬುದರಲ್ಲಿ ಸುಳ್ಳೇನೂ ಇಲ್ಲ. ಯಾರೂ ಅಲುಗಲಿಲ್ಲ.

ಮತ್ತೆ ಕಾರ ಹುಣ್ಣಿಮೆ ಬಂತು. ಕಲ್ಲುಗಳಿಗೆ ಹೊಸದಾಗಿ ಸುಣ್ಣ ಬಳಿದರು. ಹೊಸ ಆಣೆಗೆ ಮುಂಚೆ ಒಂದು ತೊಡಕಿತ್ತು. ಆಣೆ ಬಿಡಿಸುವ ಮುಂಚೆಯೇ ಕಾಡವ್ವ ದಾಟಿದ್ದಳಲ್ಲ? ಅವಳು ಮೊದಲು ತಪ್ಪಾಯಿತೆಂದು ತಟ್ಟೆಗೆ ಹಣೆ ಹಚ್ಚಬೇಕು, ಇಲ್ಲದಿದ್ದರೆ ಊರಿಗೆ ಕೇಡು ಎಂದು ಹಿರಿಯರು ತೀರ್ಮಾನಿಸಿದ್ದರು. ಕರೆಸಿದರು. ಅವಳು ಬಂದಳು, ಪ್ರಜ್ಞಾಳನ್ನೂ ಕರೆದುಕೊಂಡು ಬಂದಳು. ಈ ಸಲ ನಾನೂ ಅಲ್ಲಿದ್ದೆ.

“ದೊಡ್ಡದೇನ ಕೇಳೂದಿಲ್ಲವಾ,” ಎಂದ ನಿಜಗುಣಪ್ಪ, ಮೆಲ್ಲಗೇ ಹೇಳಿದ. “ತಾಯಿ ಮುಂದ ತಪ್ಪಾತು ಅನ್ನು, ಮುಗೀತು.”

ಕಾಡವ್ವ ತಟ್ಟೆಯನ್ನು ನೋಡಿದಳು. ಸುಟ್ಟು ಬೆಸೆದುಕೊಂಡ ಬೆರಳುಗಳಿಂದ ಮಗಳ ರಟ್ಟೆ ಹಿಡಿದು ಮುಂದೆ ತಂದು ನಿಲ್ಲಿಸಿದಳು.

“ನಾ ಅವತ್ತ ದಾಟೇನ್ರಿ. ನನ್ನ ಮಗಳು ಇಲ್ಲೇ ನಿಂತಾಳ, ನೋಡ್ರಿ.”

ಇಷ್ಟೇ ಹೇಳಿದ್ದು. ಯಾರಿಗೂ ಮೊದಲು ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ತಿಳಿಯುತ್ತ ಹೋದದ್ದನ್ನು ನಾನು ಮುಖಗಳಲ್ಲಿ ಕಂಡೆ. ಅಂದು ದಾಟಿದ್ದರೂ ಯಾರ ಮನೆಯ ದೀಪವೂ ಆರುತ್ತಿರಲಿಲ್ಲ. ನಿಜಗುಣಪ್ಪ ನೆಲ ನೋಡಿದ. ಅಂದಾನೆಪ್ಪ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ತಾಯಿ ಮಗಳು ತಿರುಗಿ ನಡೆದರು.

ಆಮೇಲೆ ಆಣೆಯೇನೋ ಆಯಿತು, ಮುಟ್ಟಿದರು. ಆದರೆ ಮುಟ್ಟಿದ ಕೈಗಳಲ್ಲಿ ಮೊದಲಿನ ಅಂಜಿಕೆ ಇರಲಿಲ್ಲ. ಪಂಚಮಿಯ ಹೊತ್ತಿಗೆ ಮೊದಲ ಕುರಿ ಹಿಂಡು ಕಲ್ಲು ದಾಟಿತು. ಒಬ್ಬರದು ಹೋಯಿತು ಎಂದು ಮತ್ತೊಬ್ಬರದು ಹೋಯಿತು. ಚಿಗುರುತ್ತಿದ್ದ ಹುಲ್ಲು ಬೇರು ಸಮೇತ ಹೋಯಿತು, ಕಂದಕಗಳಲ್ಲಿ ಮಣ್ಣು ತುಂಬಿತು, ಹಳ್ಳ ಮತ್ತೆ ಕೆಂಪಾಯಿತು. ಕಾಡವ್ವನಿಂದಲೇ ಹೀಗಾಯಿತು ಎಂದು ಗಿರಣಿಯಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಾರೆ. ನಾನು ಪಟ್ಟಾ ಹಚ್ಚಿ ಗಿರಣಿ ಜೋರು ಮಾಡುತ್ತೇನೆ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಅವಳನ್ನು ಕಂಡೆ. ಗುಡ್ಡದ ತುಂಬ ಊರಿನ ಆಡು, ಕುರಿ ಮೇಯುತ್ತಿದ್ದವು. ಅವಳ ಆಡುಗಳು ಮಾತ್ರ ಕಲ್ಲುಗಳ ಈಚೆ, ರಸ್ತೆಯ ಬದಿಯ ಜಾಲಿಯ ಕೆಳಗೆ, ಹಗ್ಗ ಕಟ್ಟಿಸಿಕೊಂಡು ನಿಂತಿದ್ದವು. ಅವುಗಳ ಪಕ್ಕೆಲುಬು ಎದ್ದಿದ್ದವು. ಅವಳು ಬಡಿಗೆಯಿಂದ ಜಾಲಿಕಾಯಿ ಉದುರಿಸುತ್ತಿದ್ದಳು. ಬೆರಳು ಮಡಚದ ಕೈಯಲ್ಲಿ ಬಡಿಗೆ ಜಾರುತ್ತಿತ್ತು.

“ಎಲ್ಲಾರೂ ಬಿಟ್ಟಾರಲ್ಲಬೇ, ನೀ ಯಾಕ ಕಟ್ಟಿಗೊಂಡ ನಿಂತಿ? ಆಣಿ ಮುಗದ್ಹೋತು,” ಎಂದೆ.

“ಆಣಿ ನಂದಿತ್ತು, ಅದು ಅವತ್ತ ಮುಗೀತು,” ಎಂದಳು ಕಾಡವ್ವ. “ಇವು ದಾಟಂಗಿಲ್ಲ ಅಂತ ಅಂವ ಮಾತ ಕೊಟ್ಟಾನಲ್ಲ.”